ಮೊದಲು ಮಾದರಿ, ಆಮೇಲೆ ಕತ್ತರಿ

ಎಲ್ಲರಿಗೂ ನಮಸ್ಕಾರ. ಪಠ್ಯದ ಭಾಗಗಳಿಗೆ ಗುರುತು ಹಚ್ಚುವ ಭಾಷೆ ಎಕ್ಸ್‌ಎಂಎಲ್; ಅದರಲ್ಲಿ ಬೇಕಾದಷ್ಟನ್ನೇ ಉಳಿಸಿಕೊಂಡ ಚಿಕ್ಕ ರೂಪವೇ ಉಪಗಣ. ಹಾಗೆ ಕತ್ತರಿಸುವ ಮೊದಲು ಮಾದರಿಯೊಂದು ಬೇಕು ಎಂಬುದೇ ಇವತ್ತಿನ ಮಾತು. ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದೇನೆ, ನೋಡಿ.

<ಪದ ಬಗೆ="ನಾಮ" ಲಿಂಗ="ಪು">ಕವಿ</ಪದ>

<ಪದ ಲಿಂಗ='ಪು' ಬಗೆ='ನಾಮ'>&#3221;ವಿ</ಪದ>

ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ (ಇಲ್ಲಿ ‘ಪದ’ ಎಂಬ ಗುರುತಿನ) ಹೆಸರು ಕನ್ನಡದಲ್ಲೇ ಇರಬಹುದು, ಅಡ್ಡಿಯಿಲ್ಲ. ಎರಡನೆಯ ಸಾಲಿನಲ್ಲಿ ಆಟ್ರಿಬ್ಯೂಟ್‌ಗಳು, ಅಂದರೆ ಬಗೆ, ಲಿಂಗ ಎಂಬ ಗುಣಗಳು, ಹಿಂದುಮುಂದಾಗಿವೆ, ಜೋಡಿ ಉದ್ಧರಣ ಚಿಹ್ನೆಯ ಜಾಗದಲ್ಲಿ ಒಂಟಿ ಬಂದಿದೆ, ‘ಕ’ ಹೋಗಿ ಅದರ ಯೂನಿಕೋಡ್ ಸಂಖ್ಯೆ 3221 ಕೂತಿದೆ. ಕಣ್ಣಿಗೆ ಬೇರೆ ಬೇರೆ ಕಾಣುವ ಇವೆರಡೂ ಒಂದೇ ಎಂದು ತೀರ್ಪು ಕೊಡುವವರು ಯಾರು? ಅಮೂರ್ತ ಡೇಟಾ ಮಾದರಿ. ಬರವಣಿಗೆಯ ಸಿಪ್ಪೆ ಸುಲಿದ ಮೇಲೆ ಪ್ರೋಗ್ರಾಮಿನ ಕೈಗೆ ಏನು ಸಿಗಬೇಕೆಂದು ಹೇಳುವುದೇ ಅದರ ಕೆಲಸ.

1986ರಲ್ಲಿ ಐಎಸ್‌ಒ ಮಾನಕವಾದ ಎಸ್‌ಜಿಎಂಎಲ್ ಎಂಬ ಹಳೆಯ ಗುರುತುಭಾಷೆಯ ಉಪಗಣವಾಗಿ 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ 1.0 ಬಂತು. ಅಕ್ಷರಗಳನ್ನು ಹೇಗೆ ಜೋಡಿಸಬೇಕೆಂದು ಅದು ಕಟ್ಟುನಿಟ್ಟಾಗಿ ಹೇಳಿತು, ಆದರೆ ಮಾದರಿಯೊಂದನ್ನು ಕೊಡಲಿಲ್ಲ. ಹಾಗಾಗಿ ಕಡತವನ್ನು ಪ್ರೋಗ್ರಾಮಿಗೆ ಮರದ ರೂಪದಲ್ಲಿ ಒದಗಿಸಲು ಅದೇ ವರ್ಷ ಬಂದ ಡಾಮ್ ತನ್ನದೊಂದು ಮಾದರಿ ಕಟ್ಟಿಕೊಂಡಿತು, ಕಡತದ ಭಾಗಗಳನ್ನು ಹುಡುಕುವ 1999ರ ಭಾಷೆ ಎಕ್ಸ್‌ಪಾತ್ ಇನ್ನೊಂದು. ಒಳಗಿನ ಗುರುತುಗಳನ್ನೂ ಬರಿಯ ಅಕ್ಷರವೆಂದೇ ಓದಿಸುವ ಸಿಡೇಟಾ ವಿಭಾಗ ಡಾಮ್‌ನಲ್ಲಿ ಪ್ರತ್ಯೇಕ ನೋಡ್, ಅಂದರೆ ಮರದ ಒಂದು ಗಂಟು; ಎಕ್ಸ್‌ಪಾತ್‌ಗೆ ಅದು ಉಳಿದ ಪಠ್ಯದಲ್ಲಿ ಕರಗಿಹೋದ ಪಠ್ಯ. 11 ಬಗೆಯ ಘಟಕಗಳನ್ನು ಹೆಸರಿಸಿದ, ಎಕ್ಸ್‌ಎಂಎಲ್‌ಗೆಂದೇ ಮಾಡಿದ ಮಾದರಿ ಇನ್ಫೋಸೆಟ್ ಬಂದದ್ದು 2001ರಲ್ಲಿ. ತಡವಾಯಿತೆಂದೇ ನನ್ನ ಅಭಿಪ್ರಾಯ. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮನೆ ಕಟ್ಟಿಯಾಗಿತ್ತು.

ಈಗ ಉಪಗಣದ ಮಾತು. ಪ್ರೋಗ್ರಾಮುಗಳು ಜಾಲದಲ್ಲಿ ಎಕ್ಸ್‌ಎಂಎಲ್ ಮೂಲಕ ಕಳಿಸಿಕೊಳ್ಳುವ ಸೋಪ್ ಸಂದೇಶಗಳಲ್ಲಿ ಡಿಟಿಡಿ, ಅಂದರೆ ಕಡತದ ರಚನೆಯ ನಿಯಮಪಟ್ಟಿ, ಇರಕೂಡದು. ಅಂಥ ನಿರ್ಬಂಧ ತಪ್ಪೇನಲ್ಲ, ಆದರೆ ಅದು ‘ಇದು ಬೇಡ’ ಎಂಬಲ್ಲಿಗೆ ನಿಲ್ಲುತ್ತದೆ. 2012ರಲ್ಲಿ ಜೇಮ್ಸ್ ಕ್ಲಾರ್ಕ್ ಮತ್ತು ಜಾನ್ ಕೋವನ್ ಸಂಪಾದಿಸಿದ ಮೈಕ್ರೋಎಕ್ಸ್‌ಎಂಎಲ್ ಎಂಬ ಉಪಗಣ ನನಗೆ ಇಷ್ಟವಾಗುವುದು ಇಲ್ಲೇ. ಅದರ ಮಾದರಿಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಒಂದು ಎಲಿಮೆಂಟ್ (ತೆರೆಯುವ ಟ್ಯಾಗಿನಿಂದ ಮುಚ್ಚುವ ಟ್ಯಾಗಿನವರೆಗಿನ ಭಾಗ) ಎಂದರೆ ಒಂದು ಹೆಸರು, ಆಟ್ರಿಬ್ಯೂಟ್‌ಗಳ ಒಂದು ಗುಂಪು, ಕ್ರಮಬದ್ಧವಾದ ಒಳವಸ್ತು, ಆ ಒಳವಸ್ತು ಅಕ್ಷರಗಳು ಇಲ್ಲವೇ ಮತ್ತೆ ಎಲಿಮೆಂಟ್‌ಗಳು. ಅಷ್ಟೇ. ಕಡತವನ್ನು ಓದುವ ಪ್ರೋಗ್ರಾಮಿಗೆಂದು ಬರೆಯುವ ಸಂಸ್ಕರಣಾ ಸೂಚನೆಗೆ ಈ ಮಾದರಿಯಲ್ಲಿ ಜಾಗವೇ ಇಲ್ಲ, ಆದ್ದರಿಂದ ವ್ಯಾಕರಣದಲ್ಲೂ ಅದನ್ನು ಕೈಬಿಟ್ಟರು. ಕಾಮೆಂಟ್ ಬರೆಯಬಹುದು, ಮಾದರಿಯೊಳಗೆ ಅದು ಬರುವುದಿಲ್ಲ. ಯಾವುದನ್ನು ಏಕೆ ಕತ್ತರಿಸಿದರೆಂಬುದಕ್ಕೆ ಉತ್ತರ ಕೈಗೇ ಸಿಗುತ್ತದೆ.

ಕನ್ನಡದ ನಿಘಂಟು, ವಚನ, ಶಾಸನಗಳ ಪಠ್ಯಕ್ಕೆ ಉಪಗಣ ರೂಪಿಸುವವರು ಇನ್ನೊಂದು ವಿಷಯ ತೀರ್ಮಾನಿಸಲೇಬೇಕು. ‘ಕೋ’ ಬರೆಯಲು ‘ಕ’ ಮತ್ತು ಓತ್ವ, ಎರಡೇ ಸಂಕೇತ ಸಾಕು. ‘ಕ’, ಎತ್ವ, ಊ ಸ್ವರಚಿಹ್ನೆ, ದೀರ್ಘಚಿಹ್ನೆ ಎಂದು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಯೂನಿಕೋಡ್ ಪ್ರಕಾರ ಇವು ಸಮಾನ, ಪರದೆಯ ಮೇಲೂ ಒಂದೇ. ಇನ್ಫೋಸೆಟ್ ಮಾತ್ರ ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಎಂದೇ ಎಣಿಸುತ್ತದೆ. ‘ಕೋಟೆ’ ಎಂದು ಹುಡುಕಿದವರಿಗೆ ಅರ್ಧ ಕೋಟೆಗಳು ಸಿಗದೆ ಹೋಗಬಹುದು. ನಮ್ಮ ನಿಯಮದಲ್ಲಿ ಮೊದಲ ಸಾಲೇ ಹೀಗಿರಲಿ: ಪಠ್ಯವೆಲ್ಲ ಎನ್‌ಎಫ್‌ಸಿ ಎಂಬ, ಬಿಡಿ ಸಂಕೇತಗಳನ್ನು ಕೂಡಿಸಿದ ಯೂನಿಕೋಡ್ ರೂಪದಲ್ಲಿರಬೇಕು, ಟ್ಯಾಗಿನ ಹೆಸರೂ ಸೇರಿ.

ಲ್ಯಾಪ್‌ಟಾಪ್ ತಂದವರು ನಿಮ್ಮದೇ ಒಂದು ಕಡತ ತೆರೆಯಿರಿ. ಒಂದೊಂದು ‘ಕೋ’ದಲ್ಲೂ ಎಷ್ಟು ಸಂಕೇತಗಳಿವೆ, ಎಣಿಸಿ ನೋಡೋಣ.