ಹಳೇ ಬಟ್ಟೆ ಬೇಡ, ಜೊತೆಗೆ ಬನ್ನಿ

ಕೇಳುಗರಿಗೆಲ್ಲ ನಮಸ್ಕಾರ. ರೊಟ್ಟಿ ಬಡಿಯುತ್ತ ರೇಡಿಯೋ ಹಚ್ಚಿರುವ ಅಕ್ಕಂದಿರೇ, ಅಂಗಡಿ ಬಾಗಿಲು ತೆಗೆದು ಗಿರಾಕಿಗೆ ಕಾಯುತ್ತಿರುವ ಅಣ್ಣಂದಿರೇ, ಪಿಂಚಣಿ ಬರುವ ಹಿರಿಯರೇ, ಇವತ್ತಿನ ಮಾತು ನಿಮಗೇ. ಅದರಲ್ಲೂ ಪಿಂಚಣಿಯವರಿಗೆ ಸ್ವಲ್ಪ ಜಾಸ್ತಿ.

ದುಡಿಯಲು ಹುಬ್ಬಳ್ಳಿಗೆ ಬರುವ ಹೊರಗಿನ ಕುಟುಂಬಗಳಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ನಮ್ಮದು. ಬಿಹಾರ, ಉತ್ತರ ಪ್ರದೇಶ, ಒಡಿಶಾದವರು ಬರುತ್ತಾರೆ. ನಮ್ಮವರೇ ಆದ ಯಾದಗಿರಿ, ರಾಯಚೂರು, ಕೊಪ್ಪಳ ಕಡೆಯವರೂ ಬರುತ್ತಾರೆ. ಗೋಕುಲ ರಸ್ತೆ ಇರಲಿ, ನವನಗರ ಇರಲಿ, ಎಲ್ಲಿ ಅಪಾರ್ಟ್‌ಮೆಂಟ್ ಏಳುತ್ತೋ ಅದರ ಬುಡದಲ್ಲಿ ತಗಡಿನ ಶೆಡ್ ಇರುತ್ತೆ. ಶೆಡ್ಡಿನಲ್ಲಿ ಮಕ್ಕಳಿರುತ್ತಾರೆ.

ಜನ ಫೋನ್ ಮಾಡಿ ಕೇಳುತ್ತಾರೆ, "ಮೇಡಂ, ಹಳೇ ಬಟ್ಟಿ ಅದಾವ್ರೀ, ಕಳಸ್ಲೇನ್ರಿ?" ದಯವಿಟ್ಟು ಬೇಡ. ಈಗಾಗಲೇ ಒಂದು ಕೋಣೆ ತುಂಬ ಚೀಲಗಳಿವೆ. ಝಿಪ್ ಇಲ್ಲದ ಪ್ಯಾಂಟು, ಅಂಚು ಕಿತ್ತ ಸೀರೆ. ಒಬ್ಬರು ಒಂದೇ ಬೂಟು ಕಳಿಸಿದ್ದರು! ನಮಗೆ ಬೇಕಾಗಿರುವುದು ನಿಮ್ಮ ಅರ್ಧ ದಿನ. ಈ ಕುಟುಂಬಗಳ ಜೊತೆಗೆ ಹೋಗಿ. ಶಾಲೆಗೆ, ಅಂಗನವಾಡಿಗೆ, ರೇಷನ್ ಅಂಗಡಿಗೆ ಹೋಗಿ. ನಾನು ಹೇಳಲು ಬಂದಿರುವುದು ಇಷ್ಟೇ. ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಉಣಕಲ್ ಹತ್ತಿರದ ಒಂದು ಸೈಟಿನಲ್ಲಿ ಬಿಹಾರದ ಕುಟುಂಬವೊಂದಿತ್ತು. ಅಪ್ಪ ಗೌಂಡಿ, ಅವ್ವ ಬುಟ್ಟಿ ಹೊರುವವಳು. ಒಂಬತ್ತು ವರ್ಷದ ಮಗಳು, ಮೂರು ತುಂಬಿದ ಮಗ. ಅಪ್ಪ ಒಮ್ಮೆ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗಿದ್ದ. "ಟಿಸಿ ತಗೊಂಡು ಬಾ" ಅಂದರಂತೆ. ಟಿಸಿ ಇರುವುದು ಬಿಹಾರದಲ್ಲಿ. ಒಂದು ದಿನದ ಪಗಾರ ಹೋಯಿತು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನೀವಾಗಿದ್ದರೂ ಹಾಕುತ್ತಿರಲಿಲ್ಲ, ಅಲ್ವಾ?

ನಮ್ಮ ಜೊತೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಕ್ಕ ಇದ್ದಾರೆ. ಹೆಸರು ಹೇಳಿದರೆ ನನ್ನನ್ನು ಸುಮ್ನೆ ಬಿಡುವುದಿಲ್ಲ. ಅವರು ಹುಡುಗಿಯ ಕೈ ಹಿಡಿದು ಹೊರಟರು, ಹಿಂದೆ ನಾನು. ಶಾಲೆಯಲ್ಲಿ ಮತ್ತೆ ಅದೇ ರಾಗ. ಟಿಸಿ ಇಲ್ಲ, ಜನ್ಮ ದಾಖಲೆ ಇಲ್ಲ, ಶಾಲೆ ಬೇರೆ ಶುರುವಾಗಿ ಮೂರು ತಿಂಗಳಾಯಿತು. ಅಕ್ಕ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಶಿಕ್ಷಣ ಹಕ್ಕು ಕಾಯ್ದೆ, 2009. ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿತ್ತು, ಬ್ಯಾಂಕಿನವರು ನೋಡಿ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಟಿಸಿ ತಡವಾಯಿತು ಅಂತಲೂ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು.

ಹಾಳೆ ಓದಿದ ಹೆಡ್‌ಮಾಸ್ತರರು ದನಿ ಇಳಿಸಿದರು. "ಅದು ಖರೇ ರೀ. ಆದ್ರ ಅಕಿಗೆ ಕನ್ನಡ ಬರಂಗಿಲ್ಲ, ಕುಂತು ಏನ್ ಮಾಡ್ತಾಳ್ರೀ?"

ಅಷ್ಟೊತ್ತು ಸುಮ್ಮನಿದ್ದ ಹುಡುಗಿ ಬಾಯಿ ಬಿಟ್ಟಳು. "ಒಂದ, ಎರಡ, ಮೂರ, ನಾಕ..." ಐವತ್ತರವರೆಗೆ ಎಲ್ಲೂ ತಡವರಿಸಲಿಲ್ಲ. ಐವತ್ತಾದ ಮೇಲೆ "ಒಂದ್ ಗೀಟ ಹೊಡಿ!" ಅಂದಳು. ಸೈಟಿನ ವಾಚ್‌ಮನ್ ರೋಣದ ಕಡೆಯವನು. ಲಾರಿಯಿಂದ ಸಿಮೆಂಟ್ ಇಳಿಸುವಾಗ ಇಬ್ಬರೂ ಕೂಡಿ ಚೀಲ ಎಣಿಸುತ್ತಿದ್ದರಂತೆ. ಐವತ್ತಕ್ಕೊಮ್ಮೆ ಗೋಡೆ ಮೇಲೆ ಇದ್ದಿಲಿನಿಂದ ಒಂದು ಗೀಟು. ಹೆಡ್‌ಮಾಸ್ತರರಿಗೆ ನಗು ತಡೆಯಲಿಲ್ಲ. ನಗುತ್ತಲೇ ರಿಜಿಸ್ಟರ್ ತೆಗೆದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾಲ್ಕು ದಿನ ಶಾಲೆಗೆ ಬಂದ ಹುಡುಗಿ ಐದನೇ ದಿನ ಬರಲಿಲ್ಲ. ತಮ್ಮನನ್ನು ಯಾರು ನೋಡಿಕೊಳ್ಳಬೇಕು? ಅವ್ವ ಬುಟ್ಟಿ ಹೊತ್ತು ಮೂರನೇ ಮಹಡಿಯಲ್ಲಿರುತ್ತಾಳೆ. ಬ್ಯಾಂಕಿನ ಅಕ್ಕ ಮತ್ತೆ ಹೊರಟರು, ಈ ಸಲ ಅಂಗನವಾಡಿಗೆ. ಅಲ್ಲಿನ ಕಾರ್ಯಕರ್ತೆ ಒಂದು ಎದುರು ಮಾತಿಲ್ಲದೆ ಹೆಸರು ಬರೆದುಕೊಂಡರು. ಹುಡುಗ ಮೊದಲ ದಿನ ಹುಡುಗಿಯ ಲಂಗ ಹಿಡಿದವನು ಬಿಡಲೇ ಇಲ್ಲ. ಮರುದಿನ ತಟ್ಟೆಗೆ ಮೊಟ್ಟೆ ಬಿತ್ತು, ಲಂಗ ಬಿಟ್ಟ.

ಇದರಲ್ಲಿ ಆಟೋ ಬಾಡಿಗೆ ಬಿಟ್ಟರೆ ಖರ್ಚೇನು ಹೇಳಿ? ಕಾಯ್ದೆ 2010ರಿಂದ ಜಾರಿಯಲ್ಲಿದೆ. ಅಂಗನವಾಡಿ ಪಕ್ಕದ ಓಣಿಯಲ್ಲೇ ಇತ್ತು. ಜೊತೆಗೆ ಹೋಗುವವರು ಇರಲಿಲ್ಲ, ಅಷ್ಟೇ.

ಕಥೆ ಉದ್ದವಾಯಿತು, ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ರೇಷನ್: ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಬಿಹಾರದ ಕಾರ್ಡಿಗೆ ಹುಬ್ಬಳ್ಳಿಯಲ್ಲೂ ಧಾನ್ಯ ಸಿಗುತ್ತೆ. ಆದರೆ ಸಿಮೆಂಟ್ ಕಲಸಿ ಬೆರಳು ಸವೆದಿರುತ್ತೆ, ಯಂತ್ರ ಥಂಬ್ ತಗೊಳ್ಳುವುದಿಲ್ಲ. ಆಗ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಡಿಸಬೇಕು. ಕಟ್ಟಡ ಕಾರ್ಮಿಕರ ಕಾರ್ಡ್: ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಾಯಿಸಬಹುದು. ಅರ್ಜಿ ತುಂಬಿಕೊಡಲು ಕನ್ನಡ ಬಲ್ಲವರೊಬ್ಬರು ಬೇಕು. ಅದಕ್ಕೇ ಹೇಳಿದ್ದು, ಜೊತೆಗೆ ಹೋಗಿ.

"ಹೊರಗಿನವರಿಗೆ ನಾವ್ಯಾಕೆ ಮಾಡಬೇಕು?" ಅನ್ನುವವರಿದ್ದಾರೆ, ಅದೂ ಧಾರವಾಡ ಪೇಡೆ ತಿನ್ನುತ್ತಲೇ! ಆ ಪೇಡೆ ಮಾಡಿದ ಠಾಕೂರ್ ಮನೆತನ ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವದಿಂದ ಬಂದದ್ದು. ವಾದ ಬೆಳೆಸುವುದಿಲ್ಲ, ಪೇಡೆ ತಿನ್ನಿ.

ದುಡ್ಡು ಕೊಡುವವರಿಗೆ ಬೇಡ ಅನ್ನುವುದಿಲ್ಲ. ಯಾವ ಸಂಸ್ಥೆಗೆ ಕೊಟ್ಟರೂ ರಸೀದಿ ಕೇಳಿ, ಹೋದ ವರ್ಷದ ಲೆಕ್ಕ ತೋರಿಸಿ ಅನ್ನಿ. ನಮಗೂ ಕೇಳಿ, ತೋರಿಸುತ್ತೇವೆ.

ನಿಮ್ಮ ಓಣಿಯಲ್ಲೇ ಕಟ್ಟಡ ಏಳುತ್ತಿದ್ದರೆ ನಮ್ಮ ತನಕ ಬರುವುದೂ ಬೇಡ. ಶೆಡ್ಡಿನ ಹತ್ತಿರ ಹೋಗಿ, ಮಕ್ಕಳು ಶಾಲೆಗೆ ಹೋಗುತ್ತಾರಾ ಅಂತ ಕೇಳಿ. ಹರಕು ಮುರುಕು ಹಿಂದಿ ಸಾಕು. ಆಧಾರ್ ಇದ್ದರೆ ಝೆರಾಕ್ಸ್ ಮಾಡಿಸಿ, ಒಂದು ಪೆನ್ನು ಇಟ್ಟುಕೊಳ್ಳಿ, ಬೆಳಿಗ್ಗೆಯೇ ಹೊರಡಿ. ಊಟದ ಹೊತ್ತಿಗೆ ಹೋದರೆ ಕುರ್ಚಿ ಖಾಲಿ ಇರುತ್ತೆ, ನೀವು ಬಾಗಿಲಲ್ಲಿ ನಿಂತಿರುತ್ತೀರಿ. ನಮಸ್ಕಾರ.