ಫಾರ್ದಿಂಗ್‌ಗೂ ಬಾಳಲ್ಲ ಅಂತಾರಲ್ಲ, ಆ ಫಾರ್ದಿಂಗ್‌ಗೆ ಮೂರು ಪೌಂಡ್! | ಲಂಡನ್ ವ್ಲಾಗ್

ಈ ಮೇಜು ನೋಡಿ. ಚಮಚ, ಗುಂಡಿ, ಕೈಗಡಿಯಾರ, ಅದರ ಪಕ್ಕದಲ್ಲಿ ನಾಣ್ಯದ ಡಬ್ಬಿ. ನಾನು ಹುಡುಕುತ್ತಿದ್ದದ್ದು ಇದನ್ನೇ. ಈ ಪುಟ್ಟ ಹಕ್ಕಿ ಇರುವುದು. ಇದು ಫಾರ್ದಿಂಗ್. ಹಕ್ಕಿಯ ಹೆಸರು ರೆನ್, 1937ರಲ್ಲಿ ನಾಣ್ಯದ ಮೇಲೆ ಬಂತು. ಇಂಗ್ಲಿಷಿನವರು ಯಾವುದನ್ನಾದರೂ ತೀರಾ ಕೀಳಾಗಿ ಕಾಣಬೇಕಾದರೆ "ನಾಟ್ ವರ್ತ್ ಎ ಫಾರ್ದಿಂಗ್" ಅನ್ನುತ್ತಾರೆ. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತೀವಲ್ಲ, ಹಾಗೇ.

ಬೆಲೆ ಕೇಳಿದೆ. ಮೂರು ಪೌಂಡ್ ಅಂದರು.

ಲೆಕ್ಕ ಹಾಕಿ. ಹಳೇ ಪದ್ಧತಿಯಲ್ಲಿ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ, ಪೆನ್ನಿಗೆ ನಾಲ್ಕು ಫಾರ್ದಿಂಗ್. ಅಂದರೆ ಪೌಂಡಿಗೆ 960. ಮೂರು ಪೌಂಡಿಗೆ 2,880! ಒಂದು ಫಾರ್ದಿಂಗ್ ಬೇಕಾದರೆ 2,880 ಫಾರ್ದಿಂಗ್ ಕೊಡಬೇಕು. ಇದು ಜಾಸ್ತಿ ಆಯಿತು. ಅಪರೂಪದ ನಾಣ್ಯವಾಗಿದ್ದರೆ ಒಪ್ಪುತ್ತಿದ್ದೆ. ಡಬ್ಬಿ ತುಂಬ ಇದೇ ಇದೆ. ಅಂಚು ಸವೆದಿದೆ, ರಾಜನ ಮುಖ ಮಾಸಿದೆ. ಒಂದೂವರೆಗೆ ಕೊಡಿ ಅಂದೆ. ಆಗಲ್ಲವಂತೆ. ಎರಡು ತಗೊಂಡರೆ? ಆರು ಪೌಂಡಂತೆ. ಕಾರ್ಡ್ ಕೂಡ ಬೇಡ, ನಗದೇ ಬೇಕಂತೆ. ಪ್ರವಾಸಿಗಳ ಮುಖ ನೋಡಿ ಬೆಲೆ ಹೇಳುವುದು ನನಗೆ ಸ್ವಲ್ಪವೂ ಹಿಡಿಸಲ್ಲ. ಚೀಟಿ ಅಂಟಿಸಿ ಇಡಿ, ಎಲ್ಲರಿಗೂ ಒಂದೇ ಬೆಲೆ ಇರಲಿ. 1960ರ ಕೊನೆಗೇ ಚಲಾವಣೆ ನಿಂತ ಕಾಸಿದು!

ಆದರೂ ಕೊನೆಗೆ ತಗೊಂಡೆ. ಹತ್ತಿರದಿಂದ ತೋರಿಸುತ್ತೇನೆ, ಇರಿ. ಎಷ್ಟು ಚೆನ್ನಾಗಿದೆ, ಅಲ್ವಾ? ಈಗ ಮೂರು ಪೌಂಡ್ ಪರವಾಗಿಲ್ಲ ಅನಿಸುತ್ತಿದೆ.

ಒಂದು ವಿಷಯ ಹೇಳಲೇಬೇಕು. ಮೊದಲು ಪೆನ್ನಿಯನ್ನೇ ನಾಲ್ಕು ತುಂಡು ಮಾಡಿ ಬಳಸುತ್ತಿದ್ದರು. 1279ರಲ್ಲಿ ಒಂದನೇ ಎಡ್ವರ್ಡ್ ದೊರೆ ದುಂಡನೆಯ ಫಾರ್ದಿಂಗ್ ಹೊರಡಿಸಿದ. ಆ ಕಾಲದಲ್ಲಿ ಫಾರ್ದಿಂಗಿಗೆ ಒಂದು ಬ್ರೆಡ್ ಬರುತ್ತಿತ್ತು. ಕಾನೂನೇ ಹಾಗಿತ್ತು. ಗೋಧಿ ತುಟ್ಟಿಯಾದರೆ ಬೆಲೆ ಏರಿಸುವಂತಿಲ್ಲ, ಬ್ರೆಡ್ಡಿನ ತೂಕ ಇಳಿಸಬೇಕು. ಅಂದರೆ ಬಡವನಿಗೆ ಈ ಕಾಸು ಒಂದು ಹೊತ್ತಿನ ಊಟ. ಅದನ್ನು ಏನಕ್ಕೂ ಬಾಳದ್ದು ಅಂತ ಗಾದೆಗೆ ತಂದವರು ಹಸಿದವರಂತೂ ಆಗಿರಲಾರರು. ನನಗೆ ಈ ಮಾತಿನ ಮೇಲೆ ಸಿಟ್ಟೇ ಬರುತ್ತದೆ. ಬೆಲೆ ಇಲ್ಲ ಅಂತ ಹೇಳುವುದು ಯಾವಾಗಲೂ ಹೊಟ್ಟೆ ತುಂಬಿದವರೇ.

ಕಾಸು ಹೋದರೂ ಮಾತು ಹೋಗಲ್ಲ, ಅದೂ ನಿಜ. ನಮ್ಮಲ್ಲಿ 1957ರಲ್ಲಿ ನಯಾ ಪೈಸೆ ಬಂತು. ರೂಪಾಯಿಗೆ ಹದಿನಾರಾಣೆ ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಆಣೆ ಕಣ್ಣಲ್ಲಿ ನೋಡದವರೂ ಇವತ್ತು "ಹದಿನಾರಾಣೆ ಸತ್ಯ" ಅನ್ನುತ್ತಾರೆ. ನಮ್ಮಜ್ಜಿಯಂತೂ... ಅಯ್ಯೋ, ಜಾಗ ಬಂದೇ ಬಿಟ್ಟಿತು, ಅಜ್ಜಿ ಕಥೆ ಆಮೇಲೆ.

ಇದು ಗೋಲ್ಡ್‌ಸ್ಮಿತ್ಸ್ ಹಾಲ್. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ, ಫಾಸ್ಟರ್ ಲೇನ್. ಬೆಂಗಳೂರಿನ ಚಿನ್ನದಂಗಡಿಯಲ್ಲಿ "ಹಾಲ್‌ಮಾರ್ಕ್ ಇದೆಯಾ" ಅಂತ ಕೇಳುತ್ತೀರಲ್ಲ? ಆ ಹಾಲ್ ಇದೇ! 1478ರಿಂದ ಲಂಡನ್ನಿನ ಅಕ್ಕಸಾಲಿಗರು ತಮ್ಮ ಬೆಳ್ಳಿ ಬಂಗಾರ ಇಲ್ಲಿಗೇ ತಂದು ಪರೀಕ್ಷೆ ಮಾಡಿಸಬೇಕಿತ್ತು. ಪಾಸಾದರೆ ಮುದ್ರೆ. ಈಗಿನ ಕಟ್ಟಡ 1835ರದ್ದು. ಚಿರತೆಯ ತಲೆ ಇಲ್ಲಿಯ ಗುರುತು, ಪರೀಕ್ಷೆ ಈಗಲೂ ನಡೆಯುತ್ತದೆ. ಯಾರದೋ ಕೆಲಸ ಮೆಚ್ಚಿದಾಗ ಅದಕ್ಕೆ ಹಾಲ್‌ಮಾರ್ಕ್ ಇದೆ ಅನ್ನುವುದು ಇಲ್ಲಿಂದಲೇ ಬಂತು. ನಮ್ಮಲ್ಲಿ 2021ರಿಂದ ಚಿನ್ನದ ಒಡವೆಗೆ ಇದು ಹಂತಹಂತವಾಗಿ ಕಡ್ಡಾಯವಾಗಿದೆ. ದಯವಿಟ್ಟು ನೋಡಿಯೇ ತಗೊಳ್ಳಿ. ಅಮ್ಮನ ಕಾಲದ ನಂಬಿಕೆ ಈಗ ಸಾಲದು.

"ಆಸಿಡ್ ಟೆಸ್ಟ್" ಕೂಡ ಅಕ್ಕಸಾಲಿಗರ ಮಾತೇ. ನೈಟ್ರಿಕ್ ಆಸಿಡ್ ಬಿಟ್ಟರೆ ತಾಮ್ರ ಕರಗುತ್ತದೆ, ಬಂಗಾರ ಕರಗಲ್ಲ. ನಾವು ಒರೆಗೆ ಹಚ್ಚುತ್ತೇವೆ. ನನಗೆ ನಮ್ಮದೇ ಇಷ್ಟ, ಕೇಳೋಕೂ ಚಂದ.

ಬಸ್ ಬಂತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 68ನೇ ಕೋಣೆ ಪೂರ್ತಿ ಹಣದ್ದೇ. ಐದಕ್ಕೆ ಬಾಗಿಲು ಹಾಕುತ್ತಾರೆ. ಹತ್ತಿ ಹತ್ತಿ, ಮಹಡಿ ಮೇಲೆ ಸೀಟ್ ಖಾಲಿ ಇದೆ.