ಬಿಟ್ಟು ಬಂದವನ ಮುಖ: ಯುದ್ಧಭೂಮಿಯ ಮೆಡಿಕ್‌ಗಳಿಗೆ ಆಗುವ ಗಾಯ

[ಕಪ್ಪು ಪರದೆ. ಏದುಸಿರಿನ ಸದ್ದು ಮಾತ್ರ.]

ಇಬ್ಬರು ಸೈನಿಕರು ನೆಲಕ್ಕೆ ಬಿದ್ದಿದ್ದಾರೆ. ಒಬ್ಬನ ತೊಡೆಯ ರಕ್ತನಾಳ ಹರಿದಿದೆ. ಇನ್ನೊಬ್ಬನ ತಲೆಗೆ ಪೆಟ್ಟಾಗಿದೆ, ಉಸಿರು ಎಳೆಯುತ್ತಿದ್ದಾನೆ. ಅಲ್ಲಿರುವ ಮೆಡಿಕ್, ಅಂದರೆ ಪಡೆಯ ಜೊತೆಗೇ ಇದ್ದು ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಕೊಡುವ ಸೈನಿಕ, ನೀವೊಬ್ಬರೇ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಯಾರ ಹತ್ತಿರ ಓಡುತ್ತೀರಿ?

ತರಬೇತಿಯಲ್ಲಿ ಇದಕ್ಕೆ ಉತ್ತರ ಇದೆ: ಉಳಿಯುವವನನ್ನು ಮೊದಲು ನೋಡು. ಮೆಡಿಕ್ ಹಾಗೇ ಮಾಡುತ್ತಾನೆ. ರಕ್ತ ನಿಲ್ಲಿಸುವ ಪಟ್ಟಿ, ಟೂರ್ನಿಕೆಟ್, ಬಿಗಿಯುತ್ತಾನೆ, ಒಬ್ಬ ಬದುಕುತ್ತಾನೆ. ಆದರೆ ಎಷ್ಟೋ ವರ್ಷ ಆದ ಮೇಲೂ ರಾತ್ರಿ ಕಣ್ಣ ಮುಂದೆ ಬಂದು ನಿಲ್ಲುವುದು ಆ ಇನ್ನೊಬ್ಬನ ಮುಖ.

[ಶೀರ್ಷಿಕೆ]

ನಮಸ್ಕಾರ. ಇವತ್ತು ಈ ಇನ್ನೊಬ್ಬನ ಬಗ್ಗೆ ಮಾತಾಡೋಣ.

ಗಾಯಾಳುಗಳನ್ನು ಹೀಗೆ ವಿಂಗಡಿಸುವುದಕ್ಕೆ ಟ್ರಯಾಜ್ ಅಂತಾರೆ. ಫ್ರೆಂಚ್ ಪದ, ಅರ್ಥವೂ ಅದೇ, ವಿಂಗಡಣೆ. ನೆಪೋಲಿಯನ್ ಸೇನೆಯ ಸರ್ಜನ್ ಡೊಮಿನಿಕ್ ಲಾರೆ, ಹುದ್ದೆ ನೋಡದೆ ಗಾಯ ನೋಡಿ ಚಿಕಿತ್ಸೆ ಕೊಡಬೇಕು ಅಂದ. ಆ ಕಾಲಕ್ಕೆ ಅದು ದೊಡ್ಡ ಮಾತು. ಇವತ್ತು ಅನೇಕ ಕಡೆ ಬಣ್ಣದ ಚೀಟಿ ಕಟ್ಟುತ್ತಾರೆ. ಕೆಂಪು ಅಂದರೆ ತಕ್ಷಣ, ಹಳದಿ ಅಂದರೆ ಸ್ವಲ್ಪ ಕಾಯಬಹುದು, ಹಸಿರು ಅಂದರೆ ಸಣ್ಣ ಗಾಯ. ಕಪ್ಪು ಅಂದರೆ ಸತ್ತವರು, ಅಥವಾ ಇನ್ನು ಉಳಿಯುವುದಿಲ್ಲ ಅನ್ನಿಸಿದವರು.

ಆ ಕಪ್ಪು ಚೀಟಿ ಕಟ್ಟಿದ ಕೈ ಯಾರದು? ಆಸ್ಪತ್ರೆಯ ಡಾಕ್ಟರಿಗೆ ಗಾಯಾಳು ಹೆಚ್ಚಾಗಿ ಅಪರಿಚಿತ. ಮೆಡಿಕ್‌ಗೆ ಹಾಗಲ್ಲ. ಬೆಳಿಗ್ಗೆ ಜೊತೆಗೆ ಕೂತು ಚಹಾ ಕುಡಿದವನೇ ಈಗ ಕೆಳಗೆ ಬಿದ್ದಿರುತ್ತಾನೆ. ಅವನ ಮಗುವಿನ ಹೆಸರೂ ಗೊತ್ತಿರುತ್ತದೆ.

[ಹಳೆಯ ಕಪ್ಪು ಬಿಳುಪು ಚಿತ್ರಗಳು: ಕಂದಕ, ಸ್ಟ್ರೆಚರ್]

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' ಬಗ್ಗೆ, ಅಂದರೆ ಯುದ್ಧದಲ್ಲಿ ಸೈನಿಕರ ಮನಸ್ಸು ಕುಸಿಯುವುದರ ಬಗ್ಗೆ ಬರೆದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಸೇರಿತು. ಅದರಲ್ಲಿ ಮುಖ್ಯವಾಗಿ ಕಂಡದ್ದು ಭಯ: ಜೀವಕ್ಕೆ ಅಪಾಯ ಬಂತು, ದೇಹ ಅದನ್ನು ಮರೆಯುತ್ತಿಲ್ಲ. ಆದರೆ ಮೆಡಿಕ್‌ನ ಸಂಕಟ ಎಷ್ಟೋ ಸಲ ಭಯದ್ದಲ್ಲ. 'ನಾನು ಅವನನ್ನು ಬಿಟ್ಟು ಬಂದೆ' ಅನ್ನುವುದೇ ಅವನನ್ನು ತಿನ್ನುತ್ತದೆ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ 'ಮಾರಲ್ ಇಂಜುರಿ' ಅನ್ನುವ ಮಾತನ್ನು ಬಳಕೆಗೆ ತಂದರು. ಮನಸ್ಸಾಕ್ಷಿಗೆ ಆದ ಗಾಯ ಅನ್ನಬಹುದು. ಇಲ್ಲಿ 'ನಿನ್ನ ತಪ್ಪೇನೂ ಇಲ್ಲ ಬಿಡು' ಅಂತ ಸಮಾಧಾನ ಹೇಳಿದರೆ ಕೆಲಸ ಆಗುವುದಿಲ್ಲ. ನಿಯಮದ ಪ್ರಕಾರ ತಪ್ಪಿಲ್ಲ ಅಂತ ಅವನಿಗೂ ಗೊತ್ತು. ಆದರೂ ಅದು ಕಾಡುವುದು ಬಿಡುವುದಿಲ್ಲ.

ಇನ್ನೊಂದು ವಿಷಯವನ್ನು ನಾವು ಯೋಚಿಸುವುದೇ ಕಡಿಮೆ. ಹೆಲಿಕಾಪ್ಟರ್ ಬರುತ್ತದೆ, ಗಾಯಾಳುವನ್ನು ಹೊತ್ತು ಹೋಗುತ್ತದೆ. ಆಮೇಲೆ? ಅವನು ಬದುಕಿದನಾ, ಕಾಲು ಉಳಿಯಿತಾ? ಎಷ್ಟೋ ಸಲ ಮೆಡಿಕ್‌ಗೆ ಗೊತ್ತೇ ಆಗುವುದಿಲ್ಲ. ಕಥೆ ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧವನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಒಳ್ಳೆಯದನ್ನೇ ಕಟ್ಟಿಕೊಳ್ಳುತ್ತದೆ ಅಂತೇನಿಲ್ಲ, ಅಲ್ವಾ?

[ನಕ್ಷೆ: ಅಫ್ಘಾನಿಸ್ತಾನ, ನಂತರ ಉಕ್ರೇನ್]

2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಅಫ್ಘಾನಿಸ್ತಾನದಲ್ಲಿ ತೀವ್ರ ಗಾಯಾಳುಗಳನ್ನು 60 ನಿಮಿಷದೊಳಗೆ ಚಿಕಿತ್ಸೆಗೆ ಸಾಗಿಸಬೇಕು ಅಂತ ಆದೇಶ ಕೊಟ್ಟರು. ಅಲ್ಲಿ ಆಕಾಶ ಅಮೆರಿಕದ ಕೈಯಲ್ಲಿದ್ದ ಕಾರಣ ಅದು ಸಾಧ್ಯವಿತ್ತು. ಉಕ್ರೇನ್ ಯುದ್ಧದಲ್ಲಿ ಮೇಲೆ ಡ್ರೋನ್‌ಗಳು ಸುತ್ತುತ್ತಿರುತ್ತವೆ. ಗಾಯಾಳುವನ್ನು ಹೊರಗೆ ತರಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಅಷ್ಟು ಹೊತ್ತೂ ಅವನ ನೋವು, ಅವನ ಪ್ರಶ್ನೆ, ಎಲ್ಲವೂ ಪಕ್ಕದಲ್ಲಿರುವವರ ಪಾಲಿಗೆ.

ಹಾಗಾದರೆ ಇವರು ಯಾರಿಗಾದರೂ ಹೇಳಿಕೊಳ್ಳಬಹುದಲ್ಲ? ಅಮೆರಿಕದ ಸೈನಿಕರು ತಮ್ಮ ಮೆಡಿಕ್ ಅನ್ನು 'ಡಾಕ್' ಅಂತ ಕರೆಯುತ್ತಾರೆ. ಎಲ್ಲರ ನೋವೂ ಬರುವುದು ಅವನ ಹತ್ತಿರ. ಅವನೇ ಕುಸಿದರೆ ನಂಬಿಕೆ ಹೋಗುತ್ತದೆ, ಕೆಲಸಕ್ಕೆ ಕುತ್ತು ಬರುತ್ತದೆ ಅನ್ನುವ ಹೆದರಿಕೆ. ಹಾಗಾಗಿ ಸುಮ್ನಿರುತ್ತಾನೆ. ಬಾಯಿ ಬಿಟ್ಟರೂ ಹೆಚ್ಚಾಗಿ ಬಿಡುವುದು ಆವತ್ತು ಅಲ್ಲೇ ಇದ್ದ ಇನ್ನೊಬ್ಬರ ಮುಂದೆ.

[ಪ್ರತಿಮೆಯ ಸುತ್ತ ನಿಧಾನವಾಗಿ ತಿರುಗುವ ಕ್ಯಾಮೆರಾ]

ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ ಮಹಿಳೆಯರ ಸ್ಮಾರಕ ಇದೆ. ಅವರಲ್ಲಿ ಹೆಚ್ಚಿನವರು ನರ್ಸ್‌ಗಳು. ಆ ಯುದ್ಧದಲ್ಲಿ ಸತ್ತವರ ಹೆಸರುಗಳ ಗೋಡೆ ಎದ್ದದ್ದು 1982ರಲ್ಲಿ. ಇವರ ಪ್ರತಿಮೆ ಬರಲು 1993ರ ತನಕ ಕಾಯಬೇಕಾಯಿತು. ಅದರಲ್ಲಿ ಮೂವರು ಮಹಿಳೆಯರು. ಒಬ್ಬಳ ತೋಳಲ್ಲಿ ಗಾಯಾಳು ಇದ್ದಾನೆ. ಇನ್ನೊಬ್ಬಳು ಆಕಾಶ ನೋಡುತ್ತಿದ್ದಾಳೆ. ಮೂರನೆಯವಳು ಮಂಡಿಯೂರಿ ತಲೆ ತಗ್ಗಿಸಿ ಕೂತಿದ್ದಾಳೆ. ಅವಳ ಕೈಯಲ್ಲಿರುವುದು ಖಾಲಿ ಹೆಲ್ಮೆಟ್.